ಕಲ್ಲುಹೂವಿಗೆ ಹಳೆಯ ಮರವೇ ಬೇಕು
(ಸಂಡೂರಿನ ವನಮಹೋತ್ಸವದಲ್ಲಿ ಮಾಡಿದ ಉಪನ್ಯಾಸ)

ಮಾನ್ಯ ಅಧ್ಯಕ್ಷರೇ, ಅರಣ್ಯ ಇಲಾಖೆಯ ಮಿತ್ರರೇ, ಸಂಡೂರಿನ ಹಿರಿಯರೇ, ವಿದ್ಯಾರ್ಥಿಗಳೇ,

ಸಸಿಗಳಿಗೆ ನೀರು ಹಾಕಿ ಈಗಷ್ಟೇ ಒಳಗೆ ಬಂದಿದ್ದೇವೆ. ಸಂತೋಷದ ಕೆಲಸ. ಆದರೆ ಗಣಿಗೆ ಕಾಡು ಕೊಡುವ ಮಾತು ಬಂದಾಗಲೆಲ್ಲ, ಒಂದು ಮರ ಹೋದರೆ ಹತ್ತು ಸಸಿ ನೆಡುತ್ತೇವೆ ಎಂಬ ಲೆಕ್ಕವನ್ನು ಈ ತಾಲ್ಲೂಕು ಸಾಕಷ್ಟು ಕೇಳಿದೆ. ಆ ಲೆಕ್ಕದಲ್ಲಿ ಬಿಟ್ಟುಹೋದ ಒಂದು ಜೀವದ ಪರವಾಗಿ ಮಾತನಾಡಲು ನಿಂತಿದ್ದೇನೆ. ಅದು ಕಲ್ಲುಹೂವು.

ನಿಮಗೆ ಅದರ ಪರಿಚಯ ಅಡುಗೆಮನೆಯಲ್ಲಿ ಆಗಿದೆ. ಬಿರಿಯಾನಿಗೆ, ಮಸಾಲೆ ಪುಡಿಗೆ ಹಾಕುವ ಬೂದುಬಣ್ಣದ ಆ ಒಣ ಚಕ್ಕೆಯನ್ನು ಯಾವ ರೈತನೂ ಬೆಳೆಯುವುದಿಲ್ಲ; ಕಾಡಿನ ಮರ, ಬಂಡೆಗಳಿಂದ ಕಿತ್ತು ತರುತ್ತಾರೆ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವ ಅದು. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ ಹೀಗೆಂದಾಗ ಅನೇಕ ಪಂಡಿತರು ಒಪ್ಪಲೇ ಇಲ್ಲ. ವಿರೋಧಿಸಿದವರಲ್ಲಿ ಫಿನ್‌ಲೆಂಡಿನ ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್ ಮುಖ್ಯರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೊದಲು ನಮ್ಮ ಕುಮಾರಸ್ವಾಮಿ ಬೆಟ್ಟದ ಕಡೆಯ ಒಂದು ಸಂಗತಿ. ಹಳೆಯ ಮತ್ತಿ ಮರದ ತೊಗಟೆಗೆ ಮಸೂರ ಹಿಡಿದು ನೋಡುತ್ತಿದ್ದೆ. ಕುರಿ ಕಾಯುವ ಅಜ್ಜನೊಬ್ಬ ಬಂದು, "ಏನು ತಮ್ಮಾ, ಮರಕ್ಕೆ ಏನಾಗಿದೆ?" ಎಂದ. "ಏನೂ ಆಗಿಲ್ಲ ಅಜ್ಜಾ, ನೀವೂ ನೋಡಿ" ಎಂದು ಮಸೂರ ಕೊಟ್ಟೆ. ಕೊಟ್ಟಿದ್ದೇ ತಡ, ಅಜ್ಜ ಅದನ್ನು ಬಿಡಲೇ ಇಲ್ಲ! ಕುರಿಗಳು ಇಳಿಜಾರು ದಾಟಿದವು, ನಾಯಿ ಬೊಗಳಿತು, ಮೊಮ್ಮಗ ಕೂಗಿದ. ಅಜ್ಜ ಮಾತ್ರ ತೊಗಟೆಯ ಮೇಲೆ ಊರು ಕಂಡವನಂತೆ ನಿಂತಿದ್ದ. ಕೊನೆಗೆ ಮಸೂರ ಕೊಟ್ಟು ಹೇಳಿದ: "ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ ಮರಗಳಿಗೆ ಇದು ಇಲ್ಲ. ಕಣಿವೆಗೆ ಇಳಿದರೆ ಇದೆ."

1866ರಲ್ಲಿ ನೈಲಾಂಡರ್ ಪ್ಯಾರಿಸ್ಸಿನಲ್ಲಿ ಗಮನಿಸಿದ್ದೂ ಇದನ್ನೇ. ಲಕ್ಸೆಂಬರ್ಗ್ ಉದ್ಯಾನದ ಮರಗಳ ಮೇಲೆ ಕಲ್ಲುಹೂವುಗಳಿದ್ದವು; ಹೊಗೆ ತುಂಬಿದ ನಗರದ ಬೇರೆಡೆ ಅವು ಕಾಣುತ್ತಿರಲಿಲ್ಲ. ಕಲ್ಲುಹೂವಿಗೆ ಬೇರಿಲ್ಲ, ಎಲೆಗಿರುವಂಥ ಮೇಣದ ಹೊದಿಕೆಯೂ ಇಲ್ಲ. ನೀರಿನೊಂದಿಗೆ ಗಾಳಿಯ ಗಂಧಕದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ಶಕ್ತಿನಗರದ ಹಾರುಬೂದಿ, ಕೊಪ್ಪಳದ ಕಾರ್ಖಾನೆಗಳ ಹೊಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅದು ಹರಡುವ ಬಗೆ. ಶಿಲೀಂಧ್ರದ ಬೀಜಾಣು ಹಗುರ, ಗಾಳಿಯಲ್ಲಿ ಬಹುದೂರ ಹೋಗಬಲ್ಲದು. ಆದರೆ ಅದು ಒಂಟಿ. ಬಿದ್ದಲ್ಲಿ ತನಗೆ ಒಗ್ಗುವ ಪಾಚಿ ಸಿಗದಿದ್ದರೆ ಮುಗಿಯಿತು. ಇನ್ನೊಂದು ಬಗೆ ಇದೆ: ಶಿಲೀಂಧ್ರದ ಎಳೆ ಪಾಚಿಯ ಕಣಗಳನ್ನು ಸುತ್ತಿಕೊಂಡ ಸಣ್ಣ ತುಣುಕು, ರೊಟ್ಟಿಯ ಬುತ್ತಿ ಕಟ್ಟಿಕೊಂಡೇ ಹೊರಟ ಪ್ರಯಾಣಿಕ. ಬಿದ್ದಲ್ಲಿ ಬದುಕು ಶುರುಮಾಡಬಲ್ಲದು. ಆದರೆ ಭಾರ, ದೂರ ಹೋಗಲಾರದು. ಯುರೋಪಿನ ಹಳೆಯ ಕಾಡುಗಳಲ್ಲಿರುವ ಲೋಬೇರಿಯಾ ಪಲ್ಮೊನೇರಿಯಾ ಎಂಬ ಕಲ್ಲುಹೂವಿನ ಇಂಥ ತುಣುಕುಗಳಲ್ಲಿ ಬಹುಪಾಲು ಕೆಲವು ಹತ್ತು ಮೀಟರುಗಳ ಒಳಗೇ ಉಳಿದುಬಿಡುತ್ತವೆ.

ಆದ್ದರಿಂದಲೇ ಹೇಳುತ್ತೇನೆ, ಮತ್ತೆ ಮತ್ತೆ ಹೇಳುತ್ತೇನೆ: ಹಳೆಯ ಮರ ನಿಂತಿರಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ್ದು ನಿಮಗೆ ನೆನಪಿದೆ. ಗಣಿ ನಿಂತರೆ ಧೂಳು ಇಳಿಯುತ್ತದೆ, ಸರಿ. ಆದರೆ ಹತ್ತಿರದಲ್ಲಿ ಕಲ್ಲುಹೂವು ಹೊತ್ತ ಒಂದು ಮರವೂ ಉಳಿದಿರದಿದ್ದರೆ ಅದು ಬರುವುದಾದರೂ ಎಲ್ಲಿಂದ? ಸಾವಿರ ಸಸಿ ನೆಡಿ. ಎಳೆಯ ನಯವಾದ ತೊಗಟೆ ಒರಟಾಗಿ ನೀರು ಹಿಡಿಯುವಂತಾಗಲು ದಶಕಗಳು ಬೇಕು. ಅಲ್ಲಿಯವರೆಗೆ ತುಣುಕು ಉದುರಿಸುವ ಮರ ಪಕ್ಕದಲ್ಲೇ ಇರಬೇಕು. ಹತ್ತು ಸಸಿಯ ಲೆಕ್ಕ ಎಡವುವುದು ಇಲ್ಲಿಯೇ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ, ಊಟಕ್ಕೆ ಹೊತ್ತಾಯಿತಂತೆ. ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ. ಯುರೋಪಿನಲ್ಲಿ ಲೋಬೇರಿಯಾದ ಚೂರುಗಳನ್ನು ಬಲೆಯಲ್ಲಿಟ್ಟು ಬೇರೆ ಮರಗಳಿಗೆ ಕಟ್ಟಿ ಬೆಳೆಸಿ ನೋಡಿದ್ದಾರೆ. ಆಗುತ್ತದೆ, ಆದರೆ ಬಹಳ ನಿಧಾನ. ಇರುವುದನ್ನು ಉಳಿಸುವುದಕ್ಕೆ ಅದು ಬದಲಿಯಲ್ಲ. ಬಂಡೆಯ ಮೇಲಿನ ಕಲ್ಲುಹೂವುಗಳ ಬಗ್ಗೆ, ಮಸ್ಕಿಯ ಅಶೋಕ ಶಾಸನದಂಥ ಕಲ್ಲುಗಳ ಬಗ್ಗೆ ಹೇಳಬೇಕೆಂದಿದ್ದೆ. ಇನ್ನೊಮ್ಮೆ ಆಗಲಿ.

ಇಲಾಖೆಯವರಲ್ಲಿ ಒಂದೇ ಕೋರಿಕೆ: ಕಡಿಯುವ ಮರಗಳ ಎಣಿಕೆ ನಡೆಯುವಾಗ ಸುತ್ತಳತೆಯ ಜೊತೆಗೆ ತೊಗಟೆಯನ್ನೂ ನೋಡಿ, ಕಲ್ಲುಹೂವು ದಟ್ಟವಾಗಿರುವ ಮರಗಳಿಗೆ ಬೇರೆ ಗುರುತು ಹಾಕಿಸಿ. ವಿದ್ಯಾರ್ಥಿಗಳೇ, ಆ ಪಟ್ಟಿಯನ್ನು ಈ ಮಳೆಗಾಲದಲ್ಲೇ ನಾವು ಶುರುಮಾಡಬಹುದು. ತೊಗಟೆ ನೆನೆದಾಗ ಕಲ್ಲುಹೂವು ಹಸಿರಾಗಿ ಎದ್ದು ಕಾಣುತ್ತದೆ. ಬರುವವರು ಊಟದ ನಂತರ ಹೆಸರು ಬರೆಸಿ.