ಕಾಯಿಲೆ ಯಾರಿಂದ ಬಂತು ಅಂತ ಕೇಳೋದು ಬಿಡಿ, ಯಾವ ಕೋಣೆಯಲ್ಲಿ ಬಂತು ಅಂತ ಕೇಳಿ

ನಮಸ್ಕಾರ.

1977. ಅಲಾಸ್ಕಾದಲ್ಲಿ ಒಂದು ವಿಮಾನ ಇನ್ನೇನು ಹಾರಬೇಕು ಅನ್ನುವಾಗ ಎಂಜಿನ್ ಕೈಕೊಡುತ್ತೆ. ವಿಮಾನ ನೆಲದ ಮೇಲೇ ಮೂರು ಗಂಟೆ ನಿಲ್ಲುತ್ತೆ. ಒಳಗೆ 54 ಜನ. ಕೆಲವರು ಇಳಿದು ಹೊರಗೆ ಬರ್ತಾರೆ, ಹೆಚ್ಚಿನವರು ತಮ್ಮ ಸೀಟಲ್ಲೇ ಕೂತಿರ್ತಾರೆ. ಒಳಗಿನ ಗಾಳಿ ಬದಲಾಯಿಸೋ ವ್ಯವಸ್ಥೆ ಆಗ ಕೆಲಸ ಮಾಡ್ತಿರಲಿಲ್ಲ. ಆ ಪ್ರಯಾಣಿಕರಲ್ಲಿ ಒಬ್ಬರಿಗೆ ಫ್ಲೂ ಬಂದಿತ್ತು. ಮುಂದಿನ 72 ಗಂಟೆಯೊಳಗೆ ಆ ವಿಮಾನದಲ್ಲಿದ್ದವರ ಪೈಕಿ ನೂರಕ್ಕೆ 72 ಮಂದಿಗೆ ಜ್ವರ, ಕೆಮ್ಮು, ಮೈಕೈ ನೋವು.

ಆಮೇಲೆ ಇದರ ತನಿಖೆ ಮಾಡಿದ ವೈದ್ಯರು ಒಂದು ವಿಷಯ ಗಮನಿಸಿದ್ರು. ವಿಮಾನದ ಒಳಗೆ ಎಷ್ಟು ಹೊತ್ತು ಇದ್ರು ಅನ್ನೋದರ ಮೇಲೆ ಕಾಯಿಲೆ ಬೀಳೋ ಸಾಧ್ಯತೆಯೂ ಹೆಚ್ಚು ಕಡಿಮೆ ಆಗಿತ್ತು. ಅಷ್ಟೂ ಜನ ಆ ರೋಗಿಯ ಕೈ ಕುಲುಕಿರಲಿಲ್ಲ, ಪಕ್ಕದಲ್ಲಿ ಕೂತಿರಲಿಲ್ಲ. ಒಂದೇ ಗಾಳಿ ಉಸಿರಾಡ್ತಾ ಇದ್ರು, ಅಷ್ಟೇ.

ಈ ಘಟನೆಯನ್ನ ಮೊದಲೇ ಹೇಳೋಕೆ ಕಾರಣ ಇದೆ. ಮನೇಲಿ ಯಾರಿಗಾದ್ರೂ ನೆಗಡಿ ಬಂದ ತಕ್ಷಣ ನಮ್ಮ ಬಾಯಿಂದ ಬರೋ ಮೊದಲ ಪ್ರಶ್ನೆ ಏನು? "ಮಳೇಲಿ ನೆಂದ್ಯಾ? ತಣ್ಣಗಿರೋದು ಕುಡಿದ್ಯಾ? ತಲೆ ಒರೆಸ್ಕೊಳ್ಳಲಿಲ್ವಾ?" ಅದಾದ ಮೇಲೆ, "ಯಾರು ಅಂಟಿಸಿದ್ರು?" ಅಂದ್ರೆ ಕಾಯಿಲೆ ಬಂದವರದ್ದು ತಪ್ಪು, ಇಲ್ಲಾಂದ್ರೆ ಅಂಟಿಸಿದವರದ್ದು ತಪ್ಪು. ಆ ಕೋಣೆಯ ಬಗ್ಗೆ ಯಾರೂ ಕೇಳೋದಿಲ್ಲ. ಎಷ್ಟು ಜನ ಇದ್ರು, ಎಷ್ಟು ಹೊತ್ತು ಇದ್ರು, ಕಿಟಕಿ ತೆರೆದಿತ್ತಾ? ನಿಜವಾಗಿ ಕೇಳಬೇಕಾದ್ದು ಇದನ್ನ ಅನ್ನೋದು ನನ್ನ ವಾದ.

ನಾವು ಕೆಮ್ಮಿದಾಗ, ಸೀನಿದಾಗ ಮಾತ್ರ ಅಲ್ಲ, ಮಾತಾಡುವಾಗ, ಹಾಡುವಾಗ, ಸುಮ್ನೆ ಉಸಿರು ಬಿಡುವಾಗಲೂ ಬಾಯಿ ಮೂಗಿನಿಂದ ತೇವದ ಕಣಗಳು ಹೊರಬೀಳ್ತವೆ. ದೊಡ್ಡ ಹನಿಗಳು ಒಂದೆರಡು ಮೀಟರ್ ಒಳಗೆ ನೆಲಕ್ಕೆ ಬೀಳ್ತವೆ. ಕಣ್ಣಿಗೆ ಕಾಣದ ಸಣ್ಣ ಕಣಗಳು ಬೀಳೋದಿಲ್ಲ, ತೇಲ್ತವೆ. ಕೆಲವು ನಿಮಿಷಗಟ್ಟಲೆ, ಕೆಲವು ಗಂಟೆಗಟ್ಟಲೆ. ಮುಚ್ಚಿದ ಕೋಣೇಲಿ ಒಬ್ಬರು ಸಿಗರೇಟು ಹಚ್ಚಿದ್ರೆ ಹೊಗೆ ಹೇಗೆ ಹರಡುತ್ತೆ ಅಂತ ನೆನಪಿಸ್ಕೊಳ್ಳಿ. ಹತ್ತಿರ ಇದ್ದವರಿಗೆ ಜಾಸ್ತಿ, ಆದ್ರೆ ಸ್ವಲ್ಪ ಹೊತ್ತಿಗೆ ಮೂಲೇಲಿ ಕೂತವರಿಗೂ ವಾಸನೆ ಬರುತ್ತೆ. ವೈರಸ್‌ಗೆ ವಾಸನೆ ಇಲ್ಲ, ಹಾಗಾಗಿ ನಮಗೆ ಗೊತ್ತಾಗಲ್ಲ.

ಇದು ಹೊಸ ವಿಜ್ಞಾನ ಏನಲ್ಲ. 1930ರ ದಶಕದಲ್ಲೇ ವಿಲಿಯಂ ವೆಲ್ಸ್ ಅನ್ನೋ ಅಮೆರಿಕದ ವಿಜ್ಞಾನಿ ಈ ತೇಲೋ ಕಣಗಳ ಬಗ್ಗೆ ಕೆಲಸ ಮಾಡಿದ್ರು. ಫಿಲಡೆಲ್ಫಿಯಾ ಸುತ್ತಮುತ್ತಲಿನ ಶಾಲೆಗಳಲ್ಲಿ, ಮಕ್ಕಳ ತಲೆಗಿಂತ ಎತ್ತರದಲ್ಲಿ, ಗಾಳಿಯಲ್ಲಿ ತೇಲೋ ರೋಗಾಣು ಕೊಲ್ಲೋ ನೇರಳಾತೀತ ದೀಪ ಹಾಕಿಸಿದ್ರು. 1941ರಲ್ಲಿ ದಡಾರದ ಅಲೆ ಬಂದಾಗ, ದೀಪ ಇದ್ದ ತರಗತಿಗಳಲ್ಲಿ ಕಾಯಿಲೆ ಹರಡಿದ್ದು ತುಂಬಾ ಕಡಿಮೆ. ಇಷ್ಟೆಲ್ಲ ಗೊತ್ತಿದ್ದೂ, 2020ರ ಮಾರ್ಚ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಲ್ಲಿ ಹರಡೋ ಕಾಯಿಲೆ ಅಲ್ಲ ಅಂತ ಜಗತ್ತಿಗೆ ಹೇಳ್ತು. ಅದೇ ತಿಂಗಳು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನ ಒಂದು ಸಭಾಂಗಣದಲ್ಲಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದ್ರು. ಅವರಲ್ಲಿ 53 ಜನ ಕಾಯಿಲೆ ಬಿದ್ರು, ಇಬ್ಬರು ತೀರಿಕೊಂಡ್ರು. ಆ ದಿನಗಳಲ್ಲಿ ನಾವೇನು ಮಾಡ್ತಿದ್ವಿ? ತರಕಾರಿ ತೊಳೀತಿದ್ವಿ, ಬಾಗಿಲ ಚಿಲಕ ಉಜ್ಜುತ್ತಿದ್ವಿ, ಕಿಟಕಿ ಮಾತ್ರ ಮುಚ್ಚಿರ್ತಿತ್ತು. ನನಗೆ ಇವತ್ತಿಗೂ ಇದು ಸಂಕಟದ ವಿಷಯ.

ಕೈ ತೊಳೆಯೋದು ಬೇಡ ಅಂತಲ್ಲ, ತಪ್ಪು ತಿಳ್ಕೋಬೇಡಿ. ಮಾಮೂಲಿ ನೆಗಡಿ ತರೋ ರೈನೋವೈರಸ್ ಕೈಯಿಂದ ಮೂಗಿಗೆ, ಕಣ್ಣಿಗೆ ಹೋಗುತ್ತೆ. ಸೋಪು ನೀರು ಬೇಕೇ ಬೇಕು. ಆದ್ರೆ ಅದೊಂದೇ ಸಾಲದು.

ಗಾಳಿಯ ಶಕ್ತಿ ಏನು ಅಂತ ನೋಡೋಕೆ ದಡಾರಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ದಡಾರ ಇರೋ ಮಗು ಒಂದು ಕೋಣೆಗೆ ಬಂದು ಹೋಯ್ತು ಅನ್ನಿ. ಮಗು ಹೋದ ಮೇಲೂ ಆ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಉಳೀಬಹುದು. ರಕ್ಷಣೆ ಇಲ್ಲದ ಹತ್ತು ಜನ ಆ ರೋಗಿಯ ಸಂಪರ್ಕಕ್ಕೆ ಬಂದ್ರೆ ಒಂಬತ್ತು ಜನಕ್ಕೆ ಅಂಟುತ್ತೆ. ಇನ್ನೂ ಕಷ್ಟದ ಮಾತು ಏನಂದ್ರೆ, ಮೈಮೇಲೆ ಕೆಂಪು ಗುಳ್ಳೆ ಕಾಣಿಸೋಕೆ ನಾಲ್ಕು ದಿನ ಮುಂಚೆಯೇ ಆ ಮಗು ಹರಡೋಕೆ ಶುರು ಮಾಡಿರುತ್ತೆ. ಆಗ ಬರೀ ಜ್ವರ, ಕೆಮ್ಮು, ಸುರಿಯೋ ಮೂಗು, ಕೆಂಪಾದ ಕಣ್ಣು. ಯಾವ ತಾಯಿಗೆ ಗೊತ್ತಾಗುತ್ತೆ ಹೇಳಿ, ಇದು ನೆಗಡಿಯೋ ದಡಾರವೋ ಅಂತ?

"ಮಕ್ಕಳಿಗೆ ಬಂದು ಹೋಗೋ ಕಾಯಿಲೆ, ಬರಲಿ ಬಿಡಿ" ಅನ್ನೋ ಮಾತು ಕೇಳಿದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ. 2023ರಲ್ಲಿ ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದಡಾರದಿಂದ ಸತ್ತಿದ್ದಾರೆ ಅನ್ನೋದು ಅಂದಾಜು, ಅದರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಬದುಕಿ ಉಳಿದವರಿಗೂ ನಷ್ಟ ಇದೆ. ಬೇರೆ ಬೇರೆ ಕಾಯಿಲೆಗಳ ವಿರುದ್ಧ ದೇಹ ವರ್ಷಗಟ್ಟಲೆ ಕೂಡಿಟ್ಟ ಪ್ರತಿಕಾಯಗಳಲ್ಲಿ, ಅಂದ್ರೆ ರೋಗಾಣು ಎದುರಿಸೋ ಅಂಶಗಳಲ್ಲಿ, ಶೇಕಡಾ 11ರಿಂದ 73ರವರೆಗೆ ದಡಾರ ಅಳಿಸಿ ಹಾಕುತ್ತೆ ಅಂತ 2019ರ ಅಧ್ಯಯನ ತೋರಿಸ್ತು. ಮಗು ಚೇತರಿಸ್ಕೊಂಡ ಹಾಗೆ ಕಾಣುತ್ತೆ, ಆದ್ರೆ ಹಳೇ ಶತ್ರುಗಳ ಎದುರು ಮತ್ತೆ ಬರಿಗೈಲಿ ನಿಂತಿರುತ್ತೆ. ಇದಕ್ಕೆ 1963ರಿಂದ ಲಸಿಕೆ ಇದೆ. ಎರಡು ಡೋಸ್ ಹಾಕಿಸಿದ್ರೆ ನೂರರಲ್ಲಿ 97 ಜನಕ್ಕೆ ರಕ್ಷಣೆ. ತುಂಬಾ ಎಳೇ ಕೂಸಿಗೆ ಈ ಲಸಿಕೆ ಹಾಕೋಕೆ ಆಗಲ್ಲ, ಅದನ್ನ ಕಾಪಾಡೋದು ಸುತ್ತ ಇರೋರು ಹಾಕಿಸ್ಕೊಂಡ ಲಸಿಕೆಯೇ.

ಉಳಿದ ಕಾಯಿಲೆಗಳನ್ನೂ ಒಂದು ಸುತ್ತು ನೋಡಿಬಿಡೋಣ. ನೆಗಡಿ ಮೆಲ್ಲಗೆ ಶುರುವಾಗುತ್ತೆ, ಗಂಟಲು ಕೆರೆತ, ಮೂಗು, ಸೀನು. ರೈನೋವೈರಸ್‌ನಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ, ಅದಕ್ಕೇ ಜೀವನಪೂರ್ತಿ ಮತ್ತೆ ಮತ್ತೆ ಬರೋದು. ಫ್ಲೂ ಹಾಗಲ್ಲ. ಬೆಳಗ್ಗೆ ಚೆನ್ನಾಗಿದ್ದವರು ಸಂಜೆ ಹೊತ್ತಿಗೆ ಹಾಸಿಗೆ ಹಿಡೀತಾರೆ, ಜೋರು ಜ್ವರ, ಮೂಳೆ ಮೂಳೆ ನೋವು. ಫ್ಲೂ ವೈರಸ್ ರೂಪ ಬದಲಾಯಿಸ್ತಾ ಇರೋದರಿಂದ ಲಸಿಕೇನೂ ಪ್ರತಿ ವರ್ಷ ಬೇಕು. ಆರ್‌ಎಸ್‌ವಿ ಅನ್ನೋದು ಉಸಿರಾಟದ ಅಂಗಗಳಿಗೆ ತಗಲೋ ಇನ್ನೊಂದು ವೈರಸ್, ಆರೋಗ್ಯವಾಗಿರೋ ಹೆಚ್ಚಿನ ದೊಡ್ಡವರಿಗೆ ಬರೀ ನೆಗಡಿ, ಕೆಲವು ತಿಂಗಳ ಕೂಸಿಗೆ ಉಸಿರು ಕಟ್ಟಿಸಬಲ್ಲ ಕಾಯಿಲೆ. ಚಿಕನ್‌ಪಾಕ್ಸ್ ನೀರುಗುಳ್ಳೆ ಏಳೋಕೆ ಒಂದೆರಡು ದಿನ ಮುಂಚಿನಿಂದಲೇ ಹರಡುತ್ತೆ. ಮಂಗನಬಾವು ಬಂದ್ರೆ ಕಿವಿ ಕೆಳಗೆ ಕೆನ್ನೆ ಊದುತ್ತೆ. ರುಬೆಲ್ಲಾ ಮಗುವಿಗೆ ಹಗುರ, ಗರ್ಭಿಣಿಗೆ ಬಂದ್ರೆ ಹೊಟ್ಟೆಯೊಳಗಿನ ಕೂಸಿನ ಕಣ್ಣು, ಕಿವಿ, ಹೃದಯಕ್ಕೇ ಪೆಟ್ಟು.

ಫ್ಲೂ ಕೂಡ ಲಕ್ಷಣ ಕಾಣೋ ಹಿಂದಿನ ದಿನವೇ ಹರಡುತ್ತೆ. ಕೋವಿಡ್ ಅದಕ್ಕೂ ಮುಂಚೆ. ಅಂದ್ಮೇಲೆ "ನೀನು ಅಂಟಿಸಿದೆ" ಅಂತ ಯಾರನ್ನ ಬೈಯೋದು? ಅವರಿಗೇ ಗೊತ್ತಿರಲಿಲ್ಲ. ಚಳಿ, ಮಳೆ ಬಂದಾಗ ಕಾಯಿಲೆ ಹೆಚ್ಚೋದಕ್ಕೆ ಒಂದು ಮುಖ್ಯ ಕಾರಣ, ನಾವು ಕಿಟಕಿ ಬಾಗಿಲು ಹಾಕ್ಕೊಂಡು ಒಟ್ಟಿಗೆ ಒಳಗೆ ಕೂರೋದು.

ಈಗ ಔಷಧಿ ವಿಷಯ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾ ಕೊಲ್ಲುತ್ತೆ, ವೈರಸ್‌ಗೆ ಅದು ಏನೂ ಮಾಡಲ್ಲ. ಇದನ್ನ ಎಲ್ಲರೂ ಕೇಳಿರ್ತಾರೆ. ಆದ್ರೂ ಮೂರನೇ ದಿನ ಕಫ ಹಳದಿ, ಹಸಿರು ಆದ ತಕ್ಷಣ ಧೈರ್ಯ ಕೆಡುತ್ತೆ. ಆ ಬಣ್ಣ ಬರೋದು ನಮ್ಮದೇ ಬಿಳಿ ರಕ್ತಕಣಗಳಲ್ಲಿರೋ ಒಂದು ಕಿಣ್ವದಿಂದ. ದೇಹ ಹೋರಾಡ್ತಿದೆ ಅಂತ ಅರ್ಥ, ಆ್ಯಂಟಿಬಯೋಟಿಕ್ ಬೇಕು ಅಂತಲ್ಲ. ಕೆಮ್ಮಿನ ಲೆಕ್ಕಾಚಾರಾನೂ ನಾವು ತಪ್ಪು ಇಟ್ಕೊಂಡಿದ್ದೀವಿ. ಒಂದು ವಾರದಲ್ಲಿ ಹೋಗಬೇಕು ಅಂದ್ಕೋತೀವಿ, ಆದ್ರೆ ಸರಾಸರಿ ಸುಮಾರು 18 ದಿನ ಇರುತ್ತೆ. ಎಂಟನೇ ದಿನ ಹೋಗಿ ಮಾತ್ರೆ ಬರೆಸ್ಕೊಂಡು, ಹದಿನೈದನೇ ದಿನಕ್ಕೆ ತಾನಾಗಿ ಕಡಿಮೆಯಾದ ಕೆಮ್ಮಿನ ಪುಣ್ಯ ಆ ಮಾತ್ರೆಗೆ ಹೋಗುತ್ತೆ. ಇದಕ್ಕೆ ಬೆಲೆ ಇದೆ. ಬೇಡದಿದ್ದಾಗಲೂ ಆ್ಯಂಟಿಬಯೋಟಿಕ್ ನುಂಗಿದಷ್ಟೂ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಬದಲಾಗ್ತವೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ 2019ರಲ್ಲಿ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 12.7 ಲಕ್ಷ.

ಹಾಗಾದ್ರೆ ಏನು ಮಾಡೋದು? ವಿಶ್ರಾಂತಿ, ಸಾಕಷ್ಟು ನೀರು, ಜ್ವರ ಸುಸ್ತು ಮಾಡ್ತಿದ್ರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್. ವೈರಲ್ ಜ್ವರದಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು, ಮೆದುಳು ಮತ್ತು ಲಿವರ್‌ಗೆ ಅಪಾಯ. ಫ್ಲೂಗೆ ಒಸೆಲ್ಟಮಿವಿರ್ ಅನ್ನೋ, ವೈರಸ್ ವಿರುದ್ಧ ಕೆಲಸ ಮಾಡೋ ಔಷಧಿ ಇದೆ, ಮೊದಲ 48 ಗಂಟೆಯಲ್ಲಿ ಶುರು ಮಾಡಿದ್ರೆ ಹೆಚ್ಚು ಉಪಯೋಗ. ಗರ್ಭಿಣಿಯರು, ವಯಸ್ಸಾದವರು, ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರೋರು ಕಾದು ನೋಡೋದು ಬೇಡ, ಬೇಗ ವೈದ್ಯರನ್ನ ನೋಡಿ.

ಮಗುವಿನ ವಿಷಯದಲ್ಲಿ ಥರ್ಮಾಮೀಟರ್‌ಗಿಂತ ಮಗುವಿನ ಎದೆ ಹೆಚ್ಚು ಹೇಳುತ್ತೆ. ಮಗು ಅಳದೆ ಸಮಾಧಾನವಾಗಿ ಇರುವಾಗ ಅಂಗಿ ಮೇಲೆತ್ತಿ. ಗಡಿಯಾರ ನೋಡ್ಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದ್ರೆ ವೈದ್ಯರಿಗೆ ತೋರಿಸಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಿದ್ರೆ, ಹಾಲು ಕುಡಿಯೋಕೆ ಆಗ್ತಿಲ್ಲ ಅಂದ್ರೆ, ತುಟಿ ನೀಲಿಯಾದ್ರೆ, ಎಬ್ಬಿಸಿದ್ರೂ ಏಳದಿದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಹೊರಡಿ.

ಮತ್ತೆ ಕೋಣೆಗೆ ಬರ್ತೀನಿ. ಎದುರು ಬದುರು ಎರಡು ಕಿಟಕಿ ಅಂಗೈಯಷ್ಟು ತೆರೆದ್ರೂ ಗಾಳಿ ಓಡಾಡುತ್ತೆ. ಕಿಟಕಿ ಇಲ್ಲದ ಕಡೆ ಗಾಳಿಯ ಸಣ್ಣ ಕಣಗಳನ್ನೂ ಹಿಡಿಯೋ ಹೆಪಾ ಫಿಲ್ಟರ್ ಇರೋ ಯಂತ್ರ ಇಡಬಹುದು. ಕೆಮ್ಮು ಇದ್ದವರು ಜನರ ಮಧ್ಯೆ ಹೋಗಲೇಬೇಕಾದ್ರೆ ಎನ್95 ಮಾಸ್ಕ್ ಹಾಕ್ಲಿ, ಮುಖಕ್ಕೆ ಅಂಟಿಕೊಂಡು ಕೂರೋ ಹಾಗೆ. ಗಾಳಿ ಹೇಗಿದೆ ಅಂತ ಅಳೆಯೋಕೂ ದಾರಿ ಇದೆ, ಕಾರ್ಬನ್ ಡೈಆಕ್ಸೈಡ್ ಮೀಟರ್. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದ್ರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ. ಜನ ತುಂಬಿದ ಮುಚ್ಚಿದ ಕೋಣೆಯಲ್ಲಿ ಸಾವಿರ ದಾಟಿ ಮೇಲೆ ಹೋಗ್ತಾ ಇರುತ್ತೆ. ಆ ಅಂಕಿ ಏರ್ತಿದೆ ಅಂದ್ರೆ ಒಬ್ಬರು ಬಿಟ್ಟ ಉಸಿರನ್ನ ಇನ್ನೊಬ್ಬರು ಎಳೀತಿದ್ದಾರೆ.

ಇದನ್ನೆಲ್ಲ ಒಬ್ಬೊಬ್ಬರೇ ಮಾಡೋಕೆ ಆಗಲ್ಲ. ಜ್ವರ ಬಂದವರಿಗೆ ರಜೆ ಹಾಕಿದ್ರೆ ಸಂಬಳ ಕತ್ತರಿಸ್ತಾರೆ ಅಂದ್ರೆ ಅವರು ಕೆಮ್ಮುತ್ತಲೇ ಕೆಲಸಕ್ಕೆ ಬರ್ತಾರೆ, ಬರದೆ ಇನ್ನೇನು ಮಾಡಿಯಾರು? ಒಂದು ದಿನವೂ ತಪ್ಪದೆ ಬಂದ ಮಗುವಿಗೆ ಶಾಲೆ ಬಹುಮಾನ ಕೊಡ್ತಿದ್ರೆ ಮಗು ಜ್ವರದಲ್ಲೂ ಬ್ಯಾಗ್ ಏರಿಸ್ಕೊಂಡು ಹೊರಡುತ್ತೆ. ಆ ಬಹುಮಾನ ನಿಲ್ಲಿಸಿ ಅಂತ ಕೇಳೋದು ಪೋಷಕರ ಹಕ್ಕು. ಮುಂದಿನ ಪೋಷಕರ ಸಭೆಯಲ್ಲಿ ಅಂಕ, ಹೋಂವರ್ಕ್ ಎಲ್ಲ ಮುಗಿದ ಮೇಲೆ ಇದನ್ನೂ ಕೇಳಿ: ತರಗತಿಯ ಕಿಟಕಿಗಳು ತೆರೆಯೋಕೆ ಬರುತ್ತಾ, ಮೊಳೆ ಹೊಡೆದಿದ್ದೀರಾ? ಮಕ್ಕಳು ಒಳಗಿರುವಾಗ ಮಧ್ಯಾಹ್ನದ ಹೊತ್ತಿಗೆ ಮೀಟರ್ ಎಷ್ಟು ತೋರಿಸುತ್ತೆ?