ಬೀಗ ತೆಗೆಯುವವರ ಲೈಸೆನ್ಸ್

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಬೀಗ ರಿಪೇರಿಯವರಿಗೆ ಲೈಸೆನ್ಸ್ ಬೇಕೇ ಎಂದು ಯಾರಾದರೂ ಕೇಳಿದರೆ, ಯಾವ ರಾಜ್ಯ ಎಂದು ನಾವೇ ತಿರುಗಿ ಕೇಳಬೇಕಾಗುತ್ತದೆ. ಹೆಚ್ಚಿನ ರಾಜ್ಯಗಳು ಇದನ್ನು ಕೇಳುವುದೇ ಇಲ್ಲ. ಕೇಳುವ ಕಡೆಯೂ ಇಲಾಖೆ ಬೇರೆ ಬೇರೆ: ಟೆಕ್ಸಾಸ್‌ನಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ, ಒಕ್ಲಹೋಮದಲ್ಲಿ ಕಾರ್ಮಿಕ ಇಲಾಖೆ, ಲೂಸಿಯಾನದಲ್ಲಂತೂ ಅಗ್ನಿಶಾಮಕ ಅಧಿಕಾರಿಯ ಕಚೇರಿ! ನ್ಯೂಯಾರ್ಕ್ ರಾಜ್ಯಕ್ಕೆ ಬೇಡ, ನ್ಯೂಯಾರ್ಕ್ ನಗರಕ್ಕೆ ಬೇಕು.

ಕನ್ನಡಿಗರು ಬಹಳ ಮಂದಿ ಇರುವ ಕ್ಯಾಲಿಫೋರ್ನಿಯವನ್ನೇ ತೆಗೆದುಕೊಳ್ಳೋಣ. ಅಲ್ಲಿ ಅಂಗಡಿಗೆ ಕಂಪನಿ ಲೈಸೆನ್ಸ್ ಬೇಕು. ಅದರ ನಂಬರು ಎಲ್‌ಸಿಓ ಅಕ್ಷರಗಳಿಂದ ಶುರುವಾಗುತ್ತದೆ. ಕೆಲಸಕ್ಕಿರುವ ಹುಡುಗರೂ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಎಲ್ಲರೂ ಬೆರಳಚ್ಚು ಕೊಡಬೇಕು. ಅದನ್ನು ರಾಜ್ಯದ ನ್ಯಾಯ ಇಲಾಖೆಯೂ ಎಫ್‌ಬಿಐಯೂ ಪರಿಶೀಲಿಸುತ್ತವೆ. ಎರಡು ವರ್ಷಕ್ಕೊಮ್ಮೆ ನವೀಕರಣ. ಬಾಗಿಲಿಗೆ ಹೊಸ ಬೀಗ ಕೂರಿಸುವ ದೊಡ್ಡ ಗುತ್ತಿಗೆ ಹಿಡಿದರೆ ಇದು ಸಾಲದು, ಗುತ್ತಿಗೆದಾರರ ಮಂಡಳಿಯಿಂದ ಸಿ-28 ಲೈಸೆನ್ಸನ್ನೂ ಪಡೆಯಬೇಕು.

ಗಮನಿಸಿ, ಕ್ಯಾಲಿಫೋರ್ನಿಯದಲ್ಲಿ ಬೀಗದ ಕೆಲಸ ಗೊತ್ತಿದೆಯೇ ಎಂದು ನೋಡುವ ಪರೀಕ್ಷೆ ಇಲ್ಲ. ನಾರ್ತ್ ಕೆರೊಲಿನದಲ್ಲಿ ಇದೆ. ಹಾಗಾಗಿ ಕ್ಯಾಲಿಫೋರ್ನಿಯದ ಲೈಸೆನ್ಸ್ ಹೇಳುವುದು ಆ ಮನುಷ್ಯನ ಹಿನ್ನೆಲೆಯನ್ನು. ಅವನಿಗೆ ಬೀಗ ಬಿಚ್ಚಲು ಬರುತ್ತದೆಯೋ ಇಲ್ಲವೋ, ಅದು ಬೇರೆ ಮಾತು.

ಮನೆಯ ಅಥವಾ ಕಾರಿನ ಬೀಗ ತೆಗೆಯುವ ಮುನ್ನ ನಿಮ್ಮ ಗುರುತಿನ ಚೀಟಿ ಕೇಳಿದರೆ ಬೇಸರ ಬೇಡ. ಹೆಸರು, ವಿಳಾಸ, ಫೋನು, ಚಾಲನಾ ಪರವಾನಗಿ ನಂಬರು ಬರೆದುಕೊಂಡು ಸಹಿ ಹಾಕಿಸಿಕೊಳ್ಳುವುದು ಕ್ಯಾಲಿಫೋರ್ನಿಯದ ಕಾನೂನು. ಏನೂ ಕೇಳದೆ ಬಾಗಿಲು ತೆಗೆದುಕೊಡುವವನು ನಾಳೆ ನಿಮ್ಮ ಮನೆಯನ್ನು ಇನ್ಯಾರಿಗೋ ತೆಗೆದುಕೊಟ್ಟಾನು.

ಮೋಸ ನಡೆಯುವ ರೀತಿ ಹೀಗೆ. ಜಾಹೀರಾತಿನಲ್ಲಿ ಹತ್ತೊಂಬತ್ತು ಡಾಲರ್. ಫೋನು ಎತ್ತುವುದು ಎಲ್ಲೋ ದೂರದ ಕಾಲ್ ಸೆಂಟರ್. ಬಂದವನು ಬೀಗವನ್ನು ಒಮ್ಮೆ ಮುಟ್ಟಿ ನೋಡಿ, ‘ಇದು ಭಾರೀ ಸೆಕ್ಯುರಿಟಿ ಲಾಕ್’ ಎನ್ನುತ್ತಾ ಡ್ರಿಲ್ ತೆಗೆಯುತ್ತಾನೆ. ಸಾಮಾನ್ಯ ಮನೆಬೀಗದೊಳಗೆ ಇರುವುದು ಐದಾರು ಪಿನ್ನು, ಅವುಗಳ ಮೇಲೆ ಸ್ಪ್ರಿಂಗು. ಪಳಗಿದವರು ಇದನ್ನು ಹೆಚ್ಚಿನ ವೇಳೆ ಕೊರೆಯದೆಯೇ ತೆಗೆಯುತ್ತಾರೆ. ಕೊರೆದರೆ ಕೀಲಿ ತೂರಿಸುವ ಭಾಗ, ಅಂದರೆ ಸಿಲಿಂಡರ್, ಹಾಳು, ಹೊಸದನ್ನು ಅವನೇ ಮಾರುತ್ತಾನೆ, ಬಿಲ್ಲು ನೂರಾರು ಡಾಲರಿಗೆ ಏರುತ್ತದೆ.

ಆದ್ದರಿಂದ ಫೋನಿನಲ್ಲೇ ಎಲ್‌ಸಿಓ ನಂಬರು ಮತ್ತು ಒಟ್ಟು ಖರ್ಚು ಕೇಳಿ. ಜಾಹೀರಾತಿನಲ್ಲಿ ಆ ನಂಬರು ಇರಲೇಬೇಕು. ರಾಜ್ಯದ ಜಾಲತಾಣದಲ್ಲಿ ಅದನ್ನು ಹಾಕಿ, ಬರುವ ಹೆಸರೂ ಫೋನಿನಲ್ಲಿ ಹೇಳಿದ ಹೆಸರೂ ಒಂದೇ ಹೌದೋ ನೋಡಿ. ತಾಳೆಯಾಗದಿದ್ದರೆ, ಡ್ರಿಲ್ ಹೊರಬರುವ ಮುನ್ನವೇ ಅವನನ್ನು ಕಳಿಸಿಬಿಡಿ.