ನ್ಯಾನ್ಸಿಯ ಕಾರು, ಹನ್ನಾಳ ಅಡುಗೆಮನೆ

ಎಲ್ಲರಿಗೂ ನಮಸ್ಕಾರ.

ಚಿಕ್ಕಂದಿನಲ್ಲಿ ಇಷ್ಟಪಟ್ಟು ಓದಿದ ಪುಸ್ತಕದ ಬಗ್ಗೆ ಮಾತಾಡಿ ಅಂತ ನೀವು ಕೇಳಿದಾಗ, ದೊಡ್ಡ ಹೆಸರೊಂದನ್ನು ಹೇಳಿ ಮರ್ಯಾದೆ ಉಳಿಸಿಕೊಳ್ಳಬಹುದಿತ್ತು. ಆದರೆ ಹದಿಮೂರನೇ ವಯಸ್ಸಿನಲ್ಲಿ ನಾನು ಊಟ ಬಿಟ್ಟು ಓದಿದ್ದು ನ್ಯಾನ್ಸಿ ಡ್ರೂ, ಅಮೆರಿಕದ ಹುಡುಗಿಯೊಬ್ಬಳು ಪತ್ತೇದಾರಿಕೆ ಮಾಡುವ ಇಂಗ್ಲಿಷ್ ಕಥೆಗಳ ಸರಣಿ. ಹೋದ ಬೇಸಿಗೆಯಲ್ಲಿ ಅದನ್ನೇ ಮತ್ತೆ ಓದಿದೆ. ನನಗೀಗ ನಲವತ್ತೇಳು.

ನಮ್ಮೂರು ದಾವಣಗೆರೆ. ಮನೆ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ಇತ್ತು. ಲೈಬ್ರರಿ ಅಂದರೆ ಒಂದು ಷಟರಿನ ಅಂಗಡಿ. ನ್ಯಾನ್ಸಿಗೆ ದಿನಕ್ಕೆ ಒಂದು ರೂಪಾಯಿ. ನಾನು ಕನ್ನಡ ಮೀಡಿಯಂ, ಅರ್ಧ ಪದ ಗೊತ್ತಾಗುತ್ತಿರಲಿಲ್ಲ. ಕನ್ವರ್ಟಿಬಲ್ ಅಂದರೆ ಅಂಬಾಸಿಡರ್, ಫಿಯೆಟ್ ಇದ್ದ ಹಾಗೆ ಅದೂ ಒಂದು ಕಾರಿನ ಹೆಸರು ಅಂದುಕೊಂಡಿದ್ದೆ. ಮೇಲಿನ ಹೊದಿಕೆ ಮಡಚಿಡಬಹುದಾದ ಕಾರು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಆದರೆ ನನಗೆ ಬೇಕಾಗಿದ್ದದ್ದು ಆ ಕಾರೇ. ಟ್ಯೂಷನ್ನಿಗೆ ಹೋಗಲು ನನಗಿದ್ದದ್ದು ಅಣ್ಣ ಬಿಟ್ಟ ಹಳೇ ಸೈಕಲ್. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ನ್ಯಾನ್ಸಿಗೆ ಅಪ್ಪ ಹುಟ್ಟುಹಬ್ಬಕ್ಕೆ ನೀಲಿ ಕಾರು ಕೊಡಿಸಿದ್ದಾನೆ. ಅವನು ವಕೀಲ, ಮಗಳ ಹತ್ತಿರ ಕೇಸುಗಳ ಬಗ್ಗೆ ಸರಿಸಮನಾಗಿ ಮಾತಾಡುತ್ತಾನೆ. ಮಳೆಯಿರಲಿ, ಕತ್ತಲಿರಲಿ, ಇವಳು ಹೊರಟೇಬಿಡುತ್ತಾಳೆ. ಪೆಟ್ರೋಲಿಗೆ ದುಡ್ಡೆಲ್ಲಿಂದ ಅಂತ ಯಾರೂ ಕೇಳುವುದಿಲ್ಲ. ಕಳ್ಳ ಯಾರು ಅಂತ ಪುಸ್ತಕದ ಅರ್ಧಕ್ಕೇ ಗೊತ್ತಾಗುತ್ತದೆ, ಆಗಲೂ ಗೊತ್ತಾಗುತ್ತಿತ್ತು. ಕಳ್ಳನ ಚಿಂತೆ ಯಾರಿಗಿತ್ತು? ಯಾರನ್ನೂ ಕೇಳದೆ ಮನೆಯಿಂದ ಹೊರಡುವ ಹುಡುಗಿಯನ್ನು ನಾನು ಸುಮ್ನೆ ನೋಡುತ್ತಾ ಕೂತಿದ್ದೆ.

ಇಷ್ಟು ಹೇಳಿ ಕೂತುಬಿಡಬಹುದಿತ್ತು. ಆದರೆ ಒಂದು ಎಡವಟ್ಟಾಯಿತು. ಅಮೆರಿಕದಿಂದ ಬಂದ ನಮ್ಮ ಅತ್ತಿಗೆ ಈ ಸರಣಿಯ ಮೊದಲ ಪುಸ್ತಕ ತಂದುಕೊಟ್ಟರು, 'ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್'. ಓದಲು ಶುರು ಮಾಡಿದರೆ, ಇದು ನಾನು ಓದಿದ ಪುಸ್ತಕವೇ ಅಲ್ಲ! ಹೆಸರು ಅದೇ, ಗಡಿಯಾರ ಅದೇ, ಕಳೆದುಹೋದ ಉಯಿಲು ಅದೇ. ಹುಡುಗಿ ಬೇರೆ.

ನಾನು ಬಾಡಿಗೆಗೆ ತಂದು ಓದಿದ್ದು ಹೇಗೆ ಶುರುವಾಗುತ್ತಿತ್ತು ಗೊತ್ತಾ? ಹದಿನೆಂಟು ವರ್ಷದ ಚೆಂದದ ಹುಡುಗಿ ಹಳ್ಳಿ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಮನೆಗೆ ಬರುತ್ತಿದ್ದಾಳೆ. ಅತ್ತಿಗೆ ತಂದದ್ದು 1930ರ ಮೊದಲ ಮುದ್ರಣವನ್ನು ಇದ್ದ ಹಾಗೇ ಮತ್ತೆ ಅಚ್ಚು ಹಾಕಿದ್ದು. ಅದರಲ್ಲಿ ನ್ಯಾನ್ಸಿಗೆ ಹದಿನಾರು. ಚೆಂದವೋ ಇಲ್ಲವೋ ಆಮೇಲೆ, ಮೊದಲ ಸಾಲಿಗೇ ಬಾಯಿ ತೆರೆದು ರೇಗುತ್ತಾಳೆ. ಊರಿನ ಜಂಬದ ಕುಟುಂಬಕ್ಕೆ ಆ ದುಡ್ಡೆಲ್ಲ ಹೋದರೆ ಎಂಥ ಅನ್ಯಾಯ ಅಂತ. ಆ ಹಳೇ ನ್ಯಾನ್ಸಿಯ ನಾಲಿಗೆ ಚುರುಕು, ದೊಡ್ಡವರಿಗೂ ಎದುರು ಮಾತಾಡುತ್ತಾಳೆ. ನಮ್ಮ ನ್ಯಾನ್ಸಿ ಹಾಗಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕೂತಷ್ಟು ವಿನಯ ಅವಳಿಗೆ.

ಆದದ್ದು ಇಷ್ಟು. 1959ರಿಂದ ಸುಮಾರು ಹದಿನೆಂಟು ವರ್ಷ ಕೂತು ಮೊದಲ 34 ಪುಸ್ತಕಗಳನ್ನು ತಿದ್ದಿದರು, ಕೆಲವನ್ನು ಪೂರ್ತಿ ಹೊಸದಾಗಿ ಬರೆಸಿದರು. 25 ಅಧ್ಯಾಯ ಇದ್ದದ್ದು 20ಕ್ಕೆ ಇಳಿಯಿತು. ಸ್ಟ್ರಾಟಮೇಯರ್ ಸಿಂಡಿಕೇಟ್ ಅಂತ ಒಂದು ಸಂಸ್ಥೆ, ಅದೇ ಇದರ ಕಾರ್ಖಾನೆ. ಹುಡುಗರ ಪತ್ತೇದಾರಿ ಸರಣಿ ಹಾರ್ಡಿ ಬಾಯ್ಸ್ ಕೂಡ ಅಲ್ಲಿಂದಲೇ ಬಂದದ್ದು.

ತಿದ್ದಲು ಒಂದು ಒಳ್ಳೆ ಕಾರಣವೂ ಇತ್ತು. ಹಳೇ ಪುಸ್ತಕದಲ್ಲಿ ಜೆಫ್ ಟಕರ್ ಅಂತ ಒಬ್ಬ ಕಪ್ಪು ಕಾವಲುಗಾರ ಬರುತ್ತಾನೆ. ಕಳ್ಳರು ಅವನಿಗೆ ಕುಡಿಸಿ ಮನೆ ದೋಚುತ್ತಾರೆ. ಅವನ ಮಾತಿನ ಧಾಟಿಯನ್ನು ಓದುವವರು ನಗಲಿ ಅಂತಲೇ ಬರೆದಿದ್ದಾರೆ. ಓದುವಾಗ ಮೈ ಮುದುಡಿತು. ಹೊಸದರಲ್ಲಿ ಏನು ಮಾಡಿದರು? ಜೆಫ್ ಟಕರ್ ಇದ್ದಾನೆ, ಆದರೆ ಕಪ್ಪು ಮನುಷ್ಯನಾಗಿ ಅಲ್ಲ. ಅವಮಾನದ ಜೊತೆ ಮನುಷ್ಯನೂ ಹೋದ. ಅದನ್ನು ತಿದ್ದಿದ್ದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಳೇದನ್ನು ಹಾಗೇ ಮಕ್ಕಳ ಕೈಗೆ ಕೊಡಿ ಅಂತಲೂ ಹೇಳಲಾರೆ. ಆದರೂ ಹುಡುಗಿಯ ಮಟ್ಟಿಗೆ ಕೇಳಿದರೆ, ನನಗೆ ಆ ಹದಿನಾರರ ಬಾಯಿಬಡುಕಿಯೇ ಇಷ್ಟ.

ಅವಳಿಗೆ ಆ ಬಾಯಿ ಎಲ್ಲಿಂದ ಬಂತು ಅಂತ ಹುಡುಕಿದೆ. ಮುಖಪುಟದಲ್ಲಿ ಲೇಖಕಿ ಕ್ಯಾರೊಲಿನ್ ಕೀನ್ ಅಂತ ಇರುತ್ತದಲ್ವಾ, ಆ ಹೆಸರಿನ ಹೆಂಗಸೇ ಇಲ್ಲ. ಆ ಸಂಸ್ಥೆ ಕಟ್ಟಿದ ಎಡ್ವರ್ಡ್ ಸ್ಟ್ರಾಟಮೇಯರ್ ಕೆಲವೇ ಪುಟಗಳಲ್ಲಿ ಕಥೆಯ ಸಾರಾಂಶ ಬರೆದು ಕಳಿಸುತ್ತಿದ್ದ. ಅದನ್ನು ಪುಸ್ತಕ ಮಾಡಿದವಳು ಮಿಲ್ಡ್ರೆಡ್ ವರ್ಟ್, ಅಯೋವಾದ ಇಪ್ಪತ್ನಾಲ್ಕರ ಹುಡುಗಿ. ಒಂದು ಪುಸ್ತಕಕ್ಕೆ 125 ಡಾಲರ್. ರಾಯಲ್ಟಿ ಇಲ್ಲ, ಹೆಸರಿಲ್ಲ, ನಾನೇ ಬರೆದದ್ದು ಅಂತ ಹೇಳುವ ಹಾಗೂ ಇಲ್ಲ. ಸಹಿ ಹಾಕಿಕೊಟ್ಟಿದ್ದಳು. ಮೊದಲ 30ರಲ್ಲಿ 23 ಅವಳವೇ. ಆರ್ಥಿಕ ಕುಸಿತದ ಕಾಲದಲ್ಲಿ ಸಂಬಳ ಕಡಿಮೆ ಮಾಡಿದಾಗ ಆಗಲ್ಲ ಅಂದಳು. ಆಗ ಮೂರು ಪುಸ್ತಕ ಬರೆದ ಕ್ಯಾರೊಲಿನ್ ಕೀನ್ ಒಬ್ಬ ಗಂಡಸು, ವಾಲ್ಟರ್ ಕ್ಯಾರಿಗ್!

ಎಡ್ವರ್ಡ್ 1930ರಲ್ಲೇ ತೀರಿಕೊಂಡ. ಮಗಳು ಹ್ಯಾರಿಯೆಟ್ ಆಡಮ್ಸ್ ಸಂಸ್ಥೆ ನಡೆಸಿದಳು. ತಾನೂ ಎಷ್ಟೋ ಪುಸ್ತಕ ಬರೆದಳು. ನ್ಯಾನ್ಸಿ ಮೆದುವಾದದ್ದರಲ್ಲಿ ಅವಳ ಕೈ ದೊಡ್ಡದು. ನಾನೇ ಕ್ಯಾರೊಲಿನ್ ಕೀನ್ ಅಂತ ಪತ್ರಿಕೆಯವರಿಗೆ ಹೇಳುತ್ತಲೂ ಬಂದಳು. 1980ರಲ್ಲಿ ಪ್ರಕಾಶಕರ ಜಗಳ ನ್ಯೂಯಾರ್ಕಿನ ಕೋರ್ಟಿಗೆ ಹೋಯಿತು. ಅಲ್ಲಿ ಸಾಕ್ಷಿ ಹೇಳಲು ಮಿಲ್ಡ್ರೆಡ್ ಬಂದಳು. ನೀನು ಸತ್ತೇಹೋಗಿದ್ದೀಯ ಅಂದುಕೊಂಡಿದ್ದೆ ಅಂದಳಂತೆ ಹ್ಯಾರಿಯೆಟ್.

ಮಿಲ್ಡ್ರೆಡ್ ಎಲ್ಲಿ ಸಾಯುತ್ತಾಳೆ? ಟೊಲೀಡೊದ ಪತ್ರಿಕೆಯಲ್ಲಿ ವರದಿಗಾರ್ತಿ. ವಿಮಾನ ಓಡಿಸಲು ಕಲಿತಿದ್ದಳು. 2002ರಲ್ಲಿ, 96ನೇ ವಯಸ್ಸಿನಲ್ಲಿ, ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹುಷಾರು ತಪ್ಪಿ, ಅವತ್ತೇ ತೀರಿಕೊಂಡಳು. ನಾನು ಆಸೆಪಟ್ಟ ಆ ಕಾರನ್ನು ನಿಜವಾಗಿ ಓಡಿಸುತ್ತಿದ್ದವಳು ಇವಳೇ ಅನ್ನಿಸಿತು. ಇನ್ನೊಂದು ವಿಷಯ ಕೇಳಿ. ಅವಳಿಗೆ ತಾನು ಸೃಷ್ಟಿಸಿದ ಹುಡುಗಿಯರಲ್ಲಿ ಜಾಸ್ತಿ ಇಷ್ಟವಾದವಳು ನ್ಯಾನ್ಸಿ ಅಲ್ಲ. ತನ್ನ ಸ್ವಂತ ಹೆಸರಿನಲ್ಲಿ ಬರೆದ ಪೆನ್ನಿ ಪಾರ್ಕರ್.

ಕೊನೆಗೆ ಹನ್ನಾ ಬಗ್ಗೆ ಹೇಳಬೇಕು. ನ್ಯಾನ್ಸಿ ಮನೆಯಲ್ಲಿ ಅಡುಗೆ ಮಾಡುವ ಹನ್ನಾ ಗ್ರೂನ್. ಹದಿಮೂರರಲ್ಲಿ ಓದಿದಾಗ ಇವಳು ಇದ್ದದ್ದೇ ನನ್ನ ನೆನಪಿನಲ್ಲಿಲ್ಲ. ಹಳೇ ಪುಸ್ತಕದಲ್ಲಿ ನ್ಯಾನ್ಸಿಯ ಅಮ್ಮ ತೀರಿಕೊಂಡಾಗ ಅವಳಿಗೆ ಹತ್ತು ವರ್ಷ. ಮನೆ ಯಜಮಾನಿಕೆ ಅವಳದೇ, ಹನ್ನಾ ಕೆಲಸದವಳು. ಹೊಸದರಲ್ಲಿ ಅಮ್ಮ ಹೋದಾಗ ನ್ಯಾನ್ಸಿಗೆ ಮೂರೇ ವರ್ಷ, ಸಾಕಿದವಳು ಹನ್ನಾ. ಈ ಒಂದು ತಿದ್ದುಪಡಿಗೆ ಮಾತ್ರ ನನ್ನ ತಕರಾರಿಲ್ಲ.

ಈ ಸಲ ನ್ಯಾನ್ಸಿ ಕಾರು ಹತ್ತಿ ಹೊರಟಾಗಲೆಲ್ಲ ನಾನು ಮನೆಯಲ್ಲೇ ಉಳಿದುಬಿಟ್ಟೆ, ಹನ್ನಾ ಜೊತೆ. ಇವಳು ಊಟದ ಹೊತ್ತಿಗೆ ಬರುತ್ತಾಳೋ ಇಲ್ಲವೋ, ಸಾರು ಇನ್ನೊಂದು ಸಲ ಬಿಸಿ ಮಾಡಬೇಕೋ ಏನೋ ಅಂತ. ನನ್ನ ಮಗಳಿಗೆ ಹದಿನೇಳು. ಸ್ಕೂಟರ್ ಕೀ ಎಲ್ಲಿ ಅಂತ ದಿನಾ ಕೇಳುತ್ತಾಳೆ. ದಿನಾ ನಾನು ಅದನ್ನು ಬೇರೆ ಬೇರೆ ಕಡೆ ಇಡುತ್ತೇನೆ.

ಎರಡೂ ಪುಸ್ತಕ ಈ ಮೇಜಿನ ಮೇಲಿವೆ. ಟೀ ಕುಡಿಯುವಾಗ ತೆರೆದು ನೋಡಿ, ಮೊದಲ ಪುಟ ಸಾಕು. ಮನೆಗೆ ಮಾತ್ರ ಒಯ್ಯಬೇಡಿ, ಅತ್ತಿಗೆಗೆ ವಾಪಸ್ ಕೊಡಬೇಕು.